ಬಾಣ ಎಳೆಯೋ ಮೊದಲು ಬೆರಳು ನೋಡಿ

ಮಿದುಳಿನ ಚಿತ್ರದ ಮೇಲೆ ಬಾಣ ಎಳೆದು, 'ಈ ಭಾಗ ಆ ಭಾಗವನ್ನು ತಡೆಯುತ್ತೆ' ಅಂತ ಬರೆದಿರೋ ಸ್ಲೈಡ್ ಎಷ್ಟೋ ಬರ್ತವೆ. ನನ್ನ ತಕರಾರು ಬಾಣದ ಗಣಿತದ ಬಗ್ಗೆ ಅಲ್ಲ. ಇಂಥ ಬಾಣ ಹುಟ್ಟೋ ಕೈ ಚಲನೆಯ ಪ್ರಯೋಗದಲ್ಲಿ, ಸ್ಕ್ಯಾನರ್ ಒಳಗೆ ಕೈ ನಿಜವಾಗಿ ಏನು ಮಾಡ್ತಿತ್ತು ಅಂತ ಯಾರಾದ್ರೂ ಅಳೆದ್ರಾ?

ಪ್ರಯೋಗ ನೋಡೋಕೆ ಬಹಳ ಸರಳ. ಪರದೆಯಲ್ಲಿ ಚುಕ್ಕಿ ಮಿನುಗಿದಾಗ ಮುಷ್ಟಿ ಕಟ್ಟಿ ಬಿಡಬೇಕು, ಸುಮಾರು ಸೆಕೆಂಡಿಗೊಂದು ಸಲ. 15–20 ಸೆಕೆಂಡು ಕೆಲಸ, ಆಮೇಲೆ ವಿರಾಮ. ಒಮ್ಮೆ ಎಡಗೈ, ಒಮ್ಮೆ ಬಲಗೈ, ಒಮ್ಮೆ ಎರಡೂ. ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸೋ ಸ್ಕ್ಯಾನ್) ಹಿಡಿಯೋದು ರಕ್ತದ ಆಮ್ಲಜನಕದ ಏರಿಳಿತವನ್ನ; ನರಕೋಶ ಕೆಲಸ ಮಾಡಿದ 5–6 ಸೆಕೆಂಡಿಗೆ ಅದು ತುದಿ ಮುಟ್ಟುತ್ತೆ, ಆ ವಿಳಂಬ ಒಂದೊಂದು ಜಾಗದಲ್ಲಿ ಒಂದೊಂದು ಥರ. ಅದಕ್ಕೇ 'ಮೊದಲು ಏರಿದ್ದೇ ಕಾರಣ' ಅನ್ನೋಕಾಗಲ್ಲ. 2003ರಲ್ಲಿ ಸಂಶೋಧಕರಾದ ಫ್ರಿಸ್ಟನ್, ಹ್ಯಾರಿಸನ್, ಪೆನ್ನಿ ಮಂಡಿಸಿದ ಡೈನಾಮಿಕ್ ಕಾಸಲ್ ಮಾಡೆಲಿಂಗ್ ಅನ್ನೋ ಗಣಿತದ ವಿಧಾನ ಪ್ರತಿ ಭಾಗದ ರಕ್ತದ ಪ್ರತಿಕ್ರಿಯೆಯನ್ನೂ ಬೇರೆಬೇರೆಯಾಗಿ ಅಂದಾಜು ಮಾಡಿ, ಯಾವ ಭಾಗ ಯಾವುದರ ಮೇಲೆ ಪ್ರಭಾವ ಬೀರುತ್ತೆ ಅಂತ ಲೆಕ್ಕ ಹಾಕುತ್ತೆ; ಬಾಣ ಬರೋದು ಅಲ್ಲಿಂದ. ಲೆಕ್ಕಕ್ಕೆ ಮೂರು ಮ್ಯಾಟ್ರಿಕ್ಸ್, ಅಂದ್ರೆ ಅಂಕಿಗಳ ಕೋಷ್ಟಕ: ಎ ಮ್ಯಾಟ್ರಿಕ್ಸ್‌ನಲ್ಲಿ ಸದಾ ಇರೋ ಸಂಪರ್ಕ, ಬಿ‌ಯಲ್ಲಿ ಕೆಲಸದಿಂದ ಆಗೋ ಬದಲಾವಣೆ, ಸಿ‌ಯಲ್ಲಿ ಹೊರಗಿನ ಪ್ರಚೋದನೆ ಒಳಬರೋ ಬಾಗಿಲು.

ಎರಡೂ ಬದಿಯ ಪ್ರಾಥಮಿಕ ಮೋಟಾರ್ ಕಾರ್ಟೆಕ್ಸ್, ಪ್ರೀಮೋಟಾರ್, ಎಸ್‌ಎಂಎ (ಪೂರಕ ಮೋಟಾರ್ ಭಾಗ) ಅಂತ ಚಲನೆಗೆ ಸಂಬಂಧಿಸಿದ ಆರು ಭಾಗ ತಗೊಂಡ್ರೆ 30 ದಿಕ್ಕಿನ ಸಂಪರ್ಕಗಳು. ಪ್ರತಿಯೊಂದೂ ಇದೆ–ಇಲ್ಲ ಅಂತ ಲೆಕ್ಕ ಹಾಕಿದ್ರೆ 107 ಕೋಟಿಗೂ ಹೆಚ್ಚು ಮಾದರಿಗಳು! ಕೈಯಾರೆ ಬರೆದು ಹೋಲಿಸೋದು ಅದರಲ್ಲಿ ಬೆರಳೆಣಿಕೆಯಷ್ಟು. ಚುನಾವಣೆ ಥರ, ಕಣದಲ್ಲಿರೋರಲ್ಲಿ ಒಬ್ಬರು ಗೆದ್ದೇ ಗೆಲ್ತಾರೆ, ಎಲ್ಲರೂ ಕಳಪೆಯಾಗಿದ್ರೂ. ಎಲ್ಲ ಸಂಪರ್ಕವೂ ಇರೋ ಪೂರ್ಣ ಮಾದರಿ ಹೊಂದಿಸಿ ಬೇಡದ್ದನ್ನ ಬೇಸಿಯನ್ ವಿಧಾನದಲ್ಲಿ (ಸಂಭವನೀಯತೆಯ ಲೆಕ್ಕದಲ್ಲಿ) ಕತ್ತರಿಸೋ ದಾರಿ ಈಗ ಇದೆ, ಅದು ವಾಸಿ. ಆದರೆ ಸೆರೆಬೆಲಮ್‌ನ (ಕಿರುಮೆದುಳನ್ನ) ಪಟ್ಟಿಗೇ ಸೇರಿಸದಿದ್ರೆ? ಅಲ್ಲಿಂದ ಮಿದುಳಿನ ಮಧ್ಯದ ಥಾಲಮಸ್ ಮೂಲಕ ಬಂದ ಪ್ರಭಾವ ಎಸ್‌ಎಂಎಯ ಬಾಣದ ಲೆಕ್ಕಕ್ಕೆ ಹೋಗಿಬಿಡಬಹುದು. ಯಾವ ಹೋಲಿಕೆಯೂ ಇದನ್ನ ತೋರಿಸಿಕೊಡಲ್ಲ.

ಈಗ ಕೈಗೆ ಬನ್ನಿ. ಬಲ ಮುಷ್ಟಿ ಕಟ್ಟುವಾಗ ಎಡಗೈ ತಾನೂ ಸ್ವಲ್ಪ ಬಿಗಿಯಾಗುತ್ತೆ. ದಣಿವಾದ್ರೆ ವೇಗ ಇಳಿಯುತ್ತೆ. ಮೋಟಾರ್ ಕಾರ್ಟೆಕ್ಸ್‌ನ ಸಿಗ್ನಲ್ ವೇಗದ ಜೊತೆ ಬದಲಾಗೋದ್ರಿಂದ ಆ ಇಳಿತ ಬಿ‌ಯಲ್ಲಿ 'ಸಂಪರ್ಕದ ಬದಲಾವಣೆ' ಅಂತ ವೇಷ ಹಾಕಿಕೊಂಡು ಬರುತ್ತೆ. ಮುಷ್ಟಿ ಬಿಗಿದಾಗಲೆಲ್ಲ ತಲೆ ಕುಲುಕಿದ್ರಂತೂ ಮುಗೀತು: ಆ ಚಲನೆಯನ್ನ ಅಂಕಿಅಂಶದ ಲೆಕ್ಕವಾದ ರಿಗ್ರೆಶನ್‌ನಲ್ಲಿ ತೆಗೆಯೋಕೆ ಹೋದ್ರೆ ಕೆಲಸದ ಸಿಗ್ನಲ್ಲೂ ಜೊತೆಗೇ ಹೋಗುತ್ತೆ. ಮೊಣಕೈ ಕೆಳಗೆ ದಿಂಬು, ತಲೆಯ ಎರಡೂ ಪಕ್ಕ ಫೋಮ್, ಹಗುರ ಹಿಡಿತ, ಸ್ಕ್ಯಾನ್‌ಗೆ ಮುಂಚೆ ಹೊರಗೇ ಅಭ್ಯಾಸ. ಎಂಆರ್‌ಗೆ ಒಗ್ಗೋ ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯೋ ಸಾಧನ) ಎರಡೂ ಮುಂಗೈಗೆ ಹಾಕಿ. ಆಗದಿದ್ರೆ ಕನಿಷ್ಠ ವಿಡಿಯೋ.

ಇಷ್ಟೆಲ್ಲ ಯಾಕೆ ಅಂದ್ರೆ, 2008ರಲ್ಲಿ ಗ್ರೆಫ್ಕೆಸ್ ತಂಡ ಪಾರ್ಶ್ವವಾಯು ರೋಗಿಗಳಲ್ಲಿ, ಪೆಟ್ಟಾಗದ ಬದಿಯ ಮೋಟಾರ್ ಕಾರ್ಟೆಕ್ಸ್ ಪೆಟ್ಟಾದ ಬದಿಯನ್ನ ತಡೆಯೋ ಪ್ರಭಾವವನ್ನ ಇದೇ ವಿಧಾನದಲ್ಲಿ ತೋರಿಸಿತು. ಪೆಟ್ಟಾಗದ ಬದಿಯನ್ನ ಕಾಂತೀಯ ಪ್ರಚೋದನೆಯಿಂದ ತಣ್ಣಗಾಗಿಸೋ ಚಿಕಿತ್ಸೆಯ ಪ್ರಯೋಗಗಳ ಹಿಂದಿರೋ ಯೋಚನೆಯೂ ಇದೇ. ಸೋತ ಕೈ ಆಡಿಸುವಾಗ ಒಳ್ಳೆ ಕೈ ತಾನೂ ಆಡೋದು ಇಂಥ ರೋಗಿಗಳಲ್ಲಿ ಸಾಮಾನ್ಯ. ಹಾಗಾಗಿ ಇಂಥ ಅಧ್ಯಯನದಲ್ಲಿ ಬಾಣದ ಚಿತ್ರದ ಪಕ್ಕ ಎರಡೂ ಕೈಯ ಇಎಂಜಿ ಗೆರೆ ಇಲ್ಲ ಅಂದ್ರೆ, ಬಾಣ ಎಷ್ಟೇ ದಪ್ಪ ಇರಲಿ, ನಾನು ಒಪ್ಪಲ್ಲ.