ಬಾಕ್ಸ್ ಫುಲ್! ಪೋಕೆಮಾನ್ ಆಟಗಳ ಸಣ್ಣ ಸಣ್ಣ ಕಿರಿಕಿರಿಗಳು ಬಂದದ್ದು ಎಲ್ಲಿಂದ?

[ಪೂರ್ತಿ ಸ್ಕ್ರೀನ್‌ನಲ್ಲಿ ಪೋಕೆಮಾನ್ ರೆಡ್. ಎದುರಿಗೆ ಮ್ಯೂಟೂ.]

ಇದು ಸೆರುಲಿಯನ್ ಗುಹೆ. ಎದುರಿಗೆ ನಿಂತಿರುವುದು ಮ್ಯೂಟೂ, ಲೆವೆಲ್ 70. ಇಡೀ ಆಟದಲ್ಲಿ ಇರುವುದು ಇದೊಂದೇ. ಬ್ಯಾಗ್‌ನಲ್ಲಿ ಅದನ್ನು ಹಿಡಿಯಲು ಎಸೆಯುವ ಅಲ್ಟ್ರಾ ಬಾಲ್ ಬೇಕಾದಷ್ಟು ಇವೆ. ಎಸೆಯೋಣ ಅಂತ ಬಟನ್ ಒತ್ತಿದರೆ ಆಟ ಹೇಳುತ್ತದೆ: ಬಾಕ್ಸ್ ಫುಲ್, ಬಾಲ್ ಬಳಸಲು ಆಗುವುದಿಲ್ಲ.

ಬಾಕ್ಸ್ ಎಷ್ಟಿವೆ? 12. ತುಂಬಿರುವುದು ಎಷ್ಟು? ಒಂದೇ ಒಂದು. ಉಳಿದ 11 ಖಾಲಿ ಹೊಡೆಯುತ್ತಿವೆ.

ಮೂಡಿಗೆರೆ ಕಡೆಯ ವೀಕ್ಷಕರೊಬ್ಬರು ಹಿಂದಿನ ವಿಡಿಯೋ ಕೆಳಗೆ ಬರೆದಿದ್ದರು: "ಅಣ್ಣಾ, 11 ಬಾಕ್ಸ್ ಖಾಲಿ ಇದ್ರೂ ಹಿಡಿಯೋಕೆ ಬಿಡಲ್ವಲ್ಲ, ಇದನ್ನ ಮಾಡಿದವರಿಗೆ ತಲೆ ಇರ್ಲಿಲ್ವಾ?"

ತಲೆ ಚೆನ್ನಾಗಿಯೇ ಇತ್ತು. ಇರದೇ ಇದ್ದದ್ದು ಜಾಗ.

[ಚಾನೆಲ್ ಲೋಗೋ]

ನಮಸ್ಕಾರ, ಚಿಕ್ಕಮಗಳೂರಿನಿಂದ. ಇವತ್ತು ಕಥೆ ಬೇಡ, ಗ್ರಾಫಿಕ್ಸ್ ಬೇಡ. ಪ್ರಾಣಿ ಹಿಡಿದು ಸಾಕುವ ಆಟಗಳಲ್ಲಿ ಇರುವ ಚಿಕ್ಕ ಚಿಕ್ಕ ತಲೆನೋವುಗಳನ್ನೇ ಹಿಡಿದುಕೊಂಡು ಕೂರೋಣ. ಪ್ರತಿಯೊಂದಕ್ಕೂ ನನ್ನದು ಒಂದೇ ಪ್ರಶ್ನೆ. ಇದು ಮೆಷಿನ್ ಕೈಲಿ ಆಗದೆ ಬಂದದ್ದಾ, ಅಥವಾ ಯಾರೋ ಬೇಕಂತಲೇ ಇಟ್ಟದ್ದಾ?

ಆಟವೇ ಗೊತ್ತಿಲ್ಲದವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ. 1996ರ ಫೆಬ್ರವರಿಯಲ್ಲಿ ಜಪಾನ್‌ನಲ್ಲಿ ಪೋಕೆಮಾನ್ ರೆಡ್ ಮತ್ತು ಗ್ರೀನ್ ಬಂದವು. ಮಾಡಿದ್ದು ಗೇಮ್ ಫ್ರೀಕ್ ಕಂಪನಿ, ಆಡುವುದು ಗೇಮ್ ಬಾಯ್ ಅನ್ನುವ ಕೈಯಲ್ಲಿ ಹಿಡಿಯುವ ಮೆಷಿನ್‌ನಲ್ಲಿ. ಕಾಡಿನಲ್ಲಿ ಸಿಗುವ ಪೋಕೆಮಾನ್‌ಗಳನ್ನು ಹಿಡಿಯಬೇಕು, ಬೆಳೆಸಬೇಕು, ಕಾದಾಡಿಸಬೇಕು. ಜೊತೆಯಲ್ಲಿ ಆರು ಇಟ್ಟುಕೊಳ್ಳಬಹುದು. ಮಿಕ್ಕಿದ್ದು ಕಂಪ್ಯೂಟರ್‌ನ ಬಾಕ್ಸ್‌ಗೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಮೊದಲು ಗೊತ್ತಾದದ್ದು ಟೀವಿಯ ಕಾರ್ಟೂನ್‌ನಿಂದ, ಚಿಪ್ಸ್ ಪ್ಯಾಕೆಟ್‌ನ ಟಾಜೊದಿಂದ. ಗೇಮ್ ಬಾಯ್ ಕೈಯಲ್ಲಿ ಹಿಡಿದವರು ಕಡಿಮೆ. ಆಡಿದ್ದೆಲ್ಲ ಹಳೇ ಆಟಗಳನ್ನು ಫೋನ್, ಕಂಪ್ಯೂಟರ್‌ನಲ್ಲಿ ಓಡಿಸುವ ಎಮ್ಯುಲೇಟರ್‌ನಲ್ಲೇ, ಅಲ್ವಾ? ಸಾಕು, ಮುಂದೆ ಹೋಗೋಣ.

[ಸ್ಕ್ರೀನ್‌ನಲ್ಲಿ ಕಾರ್ಟ್ರಿಡ್ಜ್ ಬಿಚ್ಚಿದ ಚಿತ್ರ. ಸೇವ್ ಚಿಪ್ ಮೇಲೆ ಬಾಣದ ಗುರುತು.]

ಬಾಕ್ಸ್ ಕಥೆ. ಇದು ನನಗೆ ತುಂಬಾ ಇಷ್ಟ, ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ.

ಆಟ ತುಂಬಿಕೊಂಡು ಬರುವ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಡ್ಜ್ ಒಳಗೆ ಸೇವ್ ಮಾಡಲು ಇರುವ ಜಾಗ 32 ಕಿಲೋಬೈಟ್. ಅದನ್ನು ಜೀವಂತ ಇಡಲು ಒಂದು ವಾಚ್ ಸೆಲ್. ಈ 32ರಲ್ಲೂ ಎಂಟೆಂಟು ಕಿಲೋಬೈಟ್‌ನ ನಾಲ್ಕು ಕೋಣೆ. ಗೇಮ್ ಬಾಯ್‌ಗೆ ಒಂದು ಸಲಕ್ಕೆ ಒಂದೇ ಕೋಣೆ ಕಾಣುತ್ತದೆ. ಇನ್ನು ಆಟ ನಡೆಯುವಾಗ ಬಳಸುವ ಮೆಮೊರಿ? ಅದೂ ಬರೀ 8 ಕಿಲೋಬೈಟ್.

ಈಗ ಇಂಗ್ಲಿಷ್ ಆವೃತ್ತಿಯ ಲೆಕ್ಕ ಹಾಕಿ. ಬಾಕ್ಸ್‌ನಲ್ಲಿ ಕೂತ ಒಂದು ಪೋಕೆಮಾನ್‌ಗೆ ಬೇಕಾದದ್ದು 55 ಬೈಟ್. ಅದರ ವಿವರಕ್ಕೆ 33, ಮಾಲೀಕರ ಹೆಸರಿಗೆ 11, ಅದಕ್ಕೆ ನೀವಿಟ್ಟ ಹೆಸರಿಗೆ ಇನ್ನೊಂದು 11. ಒಂದು ಬಾಕ್ಸ್‌ನಲ್ಲಿ 20 ಪೋಕೆಮಾನ್, ಜೊತೆಗೆ ಒಂದು ಚಿಕ್ಕ ಪಟ್ಟಿ. ಒಟ್ಟು 1,122 ಬೈಟ್. 12 ಬಾಕ್ಸ್ ಅಂದರೆ 13,464 ಬೈಟ್. 8 ಕಿಲೋಬೈಟ್ ಅಂದರೆ 8,192 ಬೈಟ್. ಹಿಡಿಸುವುದಿಲ್ಲ. ಹೇಗೆ ತುರುಕಿದರೂ ಹಿಡಿಸುವುದಿಲ್ಲ. ಅದಕ್ಕೇ ಒಂದು ಬಾಕ್ಸ್ ಮಾತ್ರ ಕೈಗೆ ಸಿಗುವ ಹಾಗೆ ಹೊರಗೆ, ಉಳಿದವು ಒಳಗಿನ ಕೋಣೆಗಳಲ್ಲಿ.

ಕಾಫಿ ಕೊಯ್ಲಿನ ಸಮಯದಲ್ಲಿ ಕಣದ ಹತ್ತಿರ ನಿಂತು ನೋಡಿ. ಬಾಯಿ ತೆರೆದು ನಿಲ್ಲಿಸಿದ ಚೀಲ ಒಂದೇ. ಒಣಗಿದ ಕಾಫಿ ಬೀಳುವುದು ಅದಕ್ಕೇ. ಉಳಿದ ಚೀಲಗಳು ಗೋಡೌನ್‌ನಲ್ಲಿ. ಗೋಡೌನ್‌ಗೆ ಬೀಗ. ಬೀಗದ ಕೈ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ. ಕಣದ ಚೀಲ ತುಂಬಿತಾ? ಕೆಲಸ ನಿಂತಿತು. ಒಳಗೆ ಖಾಲಿ ಚೀಲ ರಾಶಿ ಬಿದ್ದಿದ್ದರೂ ಪ್ರಯೋಜನ ಇಲ್ಲ. ರೈಟರ್ ಬರಬೇಕು. ತುಂಬಿದ ಚೀಲ ಹೊಲಿಸಿ ಒಳಗೆ ಹಾಕಿಸಬೇಕು. ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಇನ್ನೊಂದು ಚೀಲ ಹೊರಗೆ.

ಆಟದಲ್ಲಿ ಆ ರೈಟರ್ ಕೂತಿರುವುದು ಪೋಕೆಮಾನ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ. ನೀವು ಮ್ಯೂಟೂ ಎದುರು ಗುಹೆಯಲ್ಲಿ. ಮುಗೀತು.

ಬಾಕ್ಸ್ ಬದಲಾಯಿಸುವಾಗ ಆಟ ಇನ್ನೊಂದು ಮಾತು ಕೇಳುತ್ತಿತ್ತು, ನೆನಪಿದೆಯಾ? ಬಾಕ್ಸ್ ಬದಲಿಸಿದರೆ ಆಟ ಸೇವ್ ಆಗುತ್ತದೆ, ಪರವಾಗಿಲ್ವಾ ಅಂತ. ಸುಮ್ನೆ ಬಾಕ್ಸ್ ಬದಲಾಯಿಸಲು ಸೇವ್ ಯಾಕೆ? ಅದೇ ರೈಟರ್ ಪುಸ್ತಕ. ಬರೆದುಕೊಳ್ಳದೆ ಚೀಲ ಒಳಗೆ ಹೊರಗೆ ಮಾಡಿದರೆ ಏನಾಗುತ್ತದೆ ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ. ಒಂದೇ ಚೀಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಇದು ನಾನು ಕಟ್ಟಿದ ಮಾತಲ್ಲ, ನಿಜವಾಗಿಯೂ ನಡೆದಿದೆ. 1999ರಲ್ಲಿ ಬಂದ ಗೋಲ್ಡ್, ಸಿಲ್ವರ್‌ನಲ್ಲಿ ಒಂದು ಪ್ರಸಿದ್ಧ ಕಳ್ಳದಾರಿ ಇತ್ತು. ಜೊತೆಯಲ್ಲಿರುವ ಪೋಕೆಮಾನ್ ಒಂದನ್ನು ಬಾಕ್ಸ್‌ಗೆ ಹಾಕಿ. ಬಾಕ್ಸ್ ಬದಲಾಯಿಸಿ. ಸೇವ್ ಆಗುತ್ತಿರುವಾಗಲೇ, ಸರಿಯಾದ ಕ್ಷಣಕ್ಕೆ, ಪವರ್ ಆಫ್ ಮಾಡಿ. ಮತ್ತೆ ಆನ್ ಮಾಡಿದರೆ ಅದೇ ಪೋಕೆಮಾನ್ ಬಾಕ್ಸ್‌ನಲ್ಲೂ ಇದೆ, ನಿಮ್ಮ ಜೊತೆಯಲ್ಲೂ ಇದೆ. ಚೀಲ ಗೋಡೌನ್ ಸೇರಿತು, ಪುಸ್ತಕದಲ್ಲಿ ಮಾತ್ರ ಇನ್ನೂ ಕಣದಲ್ಲೇ ಇದೆ. ಒಂದಕ್ಕೆ ಎರಡು!

ಹೀಗಾಗಿ ಮೊದಲ ಆಟದ ಬಾಕ್ಸ್ ಕಿರಿಕಿರಿಗೆ ನಾನು ಪೂರ್ತಿ ಮಾಫಿ ಕೊಡುತ್ತೇನೆ. ಆದರೆ ಗೋಲ್ಡ್‌ನಲ್ಲಿ ಏನು ಮಾಡಿದರು ಗೊತ್ತಾ? ಬಾಕ್ಸ್ ತಾನಾಗಿ ಬದಲಾಗುವ ಹಾಗೆ ಮಾಡಲಿಲ್ಲ. ಬಿಲ್ ಅನ್ನುವ ಪಾತ್ರದ ಕೈಲಿ ಫೋನ್ ಮಾಡಿಸಿದರು. "ನಿಮ್ಮ ಬಾಕ್ಸ್ ತುಂಬಿದೆ." ಗೊತ್ತು ಬಿಲ್ಲಣ್ಣ! ನಿನ್ನದೇ ಕಂಪ್ಯೂಟರ್, ನೀನೇ ಬದಲಾಯಿಸಬಾರದಾ?

2002ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ರೂಬಿ, ಸಫೈರ್ ಬಂದವು. 14 ಬಾಕ್ಸ್, ಒಂದೊಂದರಲ್ಲಿ 30. ಒಂದು ತುಂಬಿದರೆ ತಾನಾಗಿಯೇ ಮುಂದಿನದಕ್ಕೆ. ಜಾಗ ಸಿಕ್ಕಿತು, ತೊಂದರೆ ಹೋಯಿತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು.

[ಸ್ಕ್ರೀನ್‌ನಲ್ಲಿ ಪೋಕೆಮಾನ್ ಗೋ]

ಮುಗಿಯಲಿಲ್ಲ. 2016ರಲ್ಲಿ, ಫೋನ್ ಹಿಡಿದು ನಿಜವಾದ ಬೀದಿಯಲ್ಲಿ ಓಡಾಡಿ ಆಡುವ ಪೋಕೆಮಾನ್ ಗೋ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಿಯೋ ಜೊತೆಗೂಡಿ ಭಾರತಕ್ಕೂ ಬಂತು. ಎಲ್ಲ ಲೆಕ್ಕವೂ ದೊಡ್ಡ ದೊಡ್ಡ ಸರ್ವರ್‌ನಲ್ಲಿ. 55 ಬೈಟ್ ಅಲ್ಲಿ ಯಾವ ಲೆಕ್ಕ? ಆದರೂ ಶುರುವಿನಲ್ಲಿ ಕೊಟ್ಟದ್ದು 250 ಪೋಕೆಮಾನ್‌ಗೆ ಜಾಗ, ವಸ್ತುಗಳಿಗೆ 350. ತುಂಬಿದರೆ ಹಿಡಿಯುವ ಹಾಗಿಲ್ಲ. ಇನ್ನು 50 ಬೇಕಾ? 200 ನಾಣ್ಯ ಕೊಡಿ. ನಾಣ್ಯವನ್ನು ಜಿಮ್‌ನಲ್ಲಿ, ಅಂದರೆ ಆಟದ ನಕ್ಷೆಯ ಕಾದಾಟದ ಜಾಗದಲ್ಲಿ, ನಿಮ್ಮ ಪೋಕೆಮಾನ್ ಕೂರಿಸಿ ಗಳಿಸಬಹುದು, ಇಲ್ಲಾ ದುಡ್ಡು ಕೊಟ್ಟು ಕೊಳ್ಳಬಹುದು. ಜಿಮ್ ಇರುವುದು ಪೇಟೆಯಲ್ಲಿ. ಪೇಟೆಯಿಂದ ದೂರದ ತೋಟದಲ್ಲಿ ಕೂತವರು ಏನು ಮಾಡಬೇಕು?

2020ರಲ್ಲಿ ಪೋಕೆಮಾನ್ ಹೋಮ್ ಬಂತು. ಬೇರೆ ಬೇರೆ ಆಟಗಳ ಪೋಕೆಮಾನ್‌ಗಳನ್ನು ಒಂದೇ ಕಡೆ ಇಡುವ ಸೇವೆ. ದುಡ್ಡು ಕೊಟ್ಟರೆ 6,000 ಇಡಬಹುದು. ಪುಕ್ಕಟೆ ಎಷ್ಟು? 30. ಮತ್ತೊಮ್ಮೆ ಹೇಳುತ್ತೇನೆ, 30. ವಾಚ್ ಸೆಲ್ ಮೇಲೆ ಬದುಕುತ್ತಿದ್ದ ಆ ಹಳೇ ಕಾರ್ಟ್ರಿಡ್ಜ್ 240 ಇಡುತ್ತಿತ್ತು.

ಹಾಗಾಗಿ ಮೂಡಿಗೆರೆಯವರೇ, ಬೈಯುವುದಾದರೆ 1996ರವರನ್ನು ಬಿಡಿ. ಇವರನ್ನು ಬೈಯಿರಿ.

ಮುಂದಿನದು ಬೇರೆ ಥರದ್ದು. ಇದಕ್ಕೆ ಜಾಗವೂ ಕಾರಣ ಅಲ್ಲ, ದುಡ್ಡೂ ಕಾರಣ ಅಲ್ಲ.

ಮೊದಲ ಆಟದಲ್ಲಿ ನೂರಕ್ಕೆ ನೂರು ತಗಲುತ್ತದೆ ಅಂತ ಇರುವ ಏಟು ಕೂಡ ಕೆಲವೊಮ್ಮೆ ತಪ್ಪುತ್ತದೆ. ಆಟ ಒಳಗೊಳಗೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಎತ್ತುತ್ತದೆ. ನೂರಕ್ಕೆ ನೂರು ಅನ್ನುವುದನ್ನು 255 ಅಂತ ಇಟ್ಟುಕೊಂಡಿದೆ. ಎತ್ತಿದ ಸಂಖ್ಯೆ ಅದಕ್ಕಿಂತ ಕಡಿಮೆ ಇದ್ದರೆ ಏಟು ಬೀಳುತ್ತದೆ. 255ನ್ನೇ ಎತ್ತಿದರೆ? ಅದು ಕಡಿಮೆ ಅಲ್ಲ, ಸಮ. ಏಟು ತಪ್ಪಿತು. 256ರಲ್ಲಿ ಒಂದು ಸಲ. "ಕಡಿಮೆ ಅಥವಾ ಸಮ" ಅಂತ ಬರೆಯಬೇಕಾದ ಕಡೆ ಬರೀ "ಕಡಿಮೆ" ಅಂತ ಬರೆದದ್ದಕ್ಕೆ ಎಷ್ಟು ಮಕ್ಕಳು ಅತ್ತಿರಬೇಕು!

ಅದೇ ಆಟದಲ್ಲಿ ಫೋಕಸ್ ಎನರ್ಜಿ ಅಂತ ಒಂದಿದೆ. ಜೋರು ಏಟು ಬೀಳುವ ಸಾಧ್ಯತೆಯನ್ನು ಹೆಚ್ಚಿಸಬೇಕು. ಅದು ಕಾಲುಭಾಗಕ್ಕೆ ಇಳಿಸುತ್ತದೆ. ಬಳಸಿದವರಿಗೇ ನಷ್ಟ. ಇದರ ಬಗ್ಗೆ ನನ್ನದೇನೂ ಟೀಕೆ ಇಲ್ಲ, ನಗು ಬರುತ್ತದೆ ಅಷ್ಟೆ.

[ಸ್ಕ್ರೀನ್‌ನಲ್ಲಿ ಬಿಬಾರೆಲ್]

ಈಗ ಈ ಮಹಾಶಯ. ಬಿಬಾರೆಲ್. ಡೈಮಂಡ್, ಪರ್ಲ್ ಆಡಿದವರಿಗೆ ನೋಡಿದ ಕೂಡಲೇ ಪಾಪ ಅನ್ನಿಸುತ್ತದೆ.

ಒಂದು ಪೋಕೆಮಾನ್‌ಗೆ ನಾಲ್ಕೇ ವಿದ್ಯೆ. ಆದರೆ ದಾರಿಯಲ್ಲಿ ಗಿಡ ಕಡಿಯಲು, ನೀರು ದಾಟಲು, ಬಂಡೆ ತಳ್ಳಲು ಎಚ್‌ಎಂ ಅನ್ನುವ ವಿದ್ಯೆಗಳು ಬೇಕು. ಕಲಿಸಿದರೆ ಬೇಕಾದಾಗ ಬೇಕಾದಲ್ಲಿ ಮರೆಸಲು ಆಗುವುದಿಲ್ಲ. ಮೊದಲ ಆಟದಲ್ಲಿ ಐದು ಇದ್ದವು. 2006ರ ಡೈಮಂಡ್, ಪರ್ಲ್‌ಗೆ ಬರುವಷ್ಟರಲ್ಲಿ ಎಂಟು! ಆರು ಪೋಕೆಮಾನ್, ಒಟ್ಟು 24 ವಿದ್ಯೆ. ಅದರಲ್ಲಿ ಮೂರನೇ ಒಂದು ಭಾಗ ಗಿಡ ಕಡಿಯಲು, ಬಂಡೆ ಹತ್ತಲು. ಹಾಗಾಗಿ ಎಲ್ಲರೂ ಬಿಬಾರೆಲ್‌ನ ಹಿಡಿದು ಕೂಲಿಗೆ ಇಟ್ಟುಕೊಂಡರು. ಕಾದಾಟಕ್ಕೆ ಕರೆಯುವುದಿಲ್ಲ. ಕೆಲಸ ಇದ್ದಾಗ ಮಾತ್ರ ನೆನಪು.

ಮರೆಸಲು ಬಿಡದಿರುವುದಕ್ಕೆ ಕಾರಣ ಇದೆ. ಈಜುವ ವಿದ್ಯೆಯಿಂದ ದ್ವೀಪಕ್ಕೆ ಹೋದಿರಿ, ಅಲ್ಲಿ ಅದನ್ನು ಮರೆಸಿಬಿಟ್ಟಿರಿ. ವಾಪಸ್ ಬರುವುದು ಹೇಗೆ? ಆಟ ಅಲ್ಲೇ ಕೆಟ್ಟು ನಿಲ್ಲುತ್ತದೆ. ಸರಿ, ಒಪ್ಪಿದೆ. ಆದರೆ ಅದಕ್ಕೆ ಈಜುವುದನ್ನು ಕಾದಾಟದ ವಿದ್ಯೆಯಿಂದ ಬೇರೆ ಮಾಡಿದ್ದರೆ ಸಾಕಿತ್ತು. 2016ರ ಸನ್, ಮೂನ್‌ನಲ್ಲಿ ಅದನ್ನೇ ಮಾಡಿದರು. ಬೇಕಾದಾಗ ಸವಾರಿಗೆ ಒಂದು ಪೋಕೆಮಾನ್ ಬರುತ್ತದೆ, ನಿಮ್ಮ ಆರರಲ್ಲಿ ಸೇರುವುದಿಲ್ಲ. ಇಷ್ಟು ಸುಲಭದ ಪರಿಹಾರಕ್ಕೆ 20 ವರ್ಷ. ಇದು ಮೆಷಿನ್ ತಪ್ಪಲ್ಲ ಸ್ವಾಮಿ, ಬರೀ ಅಭ್ಯಾಸ. ಮೊದಲು ಹಾಗೆ ಇತ್ತು, ಇರಲಿ ಅಂತ ಬಿಟ್ಟದ್ದು.

ಇನ್ನು ಬೇಕಂತಲೇ ಇಟ್ಟದ್ದು ಒಂದಿದೆ. ಹಾಂಟರ್, ಕಡಾಬ್ರಾ, ಮಾಚೋಕ್, ಗ್ರಾವೆಲರ್. ಇವು ನಾಲ್ಕೂ ಎಷ್ಟು ಬೆಳೆಸಿದರೂ ಮುಂದಿನ ರೂಪಕ್ಕೆ ಹೋಗುವುದಿಲ್ಲ. ಇನ್ನೊಬ್ಬರಿಗೆ ಟ್ರೇಡ್ ಮಾಡಲೇಬೇಕು. ಈ ಆಟ ಹುಟ್ಟಿಸಿದ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿಯುತ್ತಿದ್ದವರು. ಎರಡು ಗೇಮ್ ಬಾಯ್ ನಡುವಿನ ಕೇಬಲ್ ನೋಡಿ, ಅದರ ಮೇಲೆ ಹುಳ ಹರಿದು ಆ ಕಡೆ ಹೋಗುವುದನ್ನು ಕಲ್ಪಿಸಿಕೊಂಡವರು. ಟ್ರೇಡ್ ಈ ಆಟದ ಜೀವ ಅನ್ನುವುದು ನನಗೂ ಗೊತ್ತು. ಟೋಕಿಯೋದ ಶಾಲೆಯಲ್ಲಿ ಪಕ್ಕದ ಬೆಂಚಿನವನ ಹತ್ತಿರವೂ ಗೇಮ್ ಬಾಯ್ ಇರುತ್ತದೆ. ಕಳಸದಲ್ಲೋ ಕೊಪ್ಪದಲ್ಲೋ ಅಣ್ಣನ ಫೋನ್‌ನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಆಡುವ ಹುಡುಗನಿಗೆ ಕೇಬಲ್ ಎಲ್ಲಿಂದ ಬರಬೇಕು? ಅವನ ಹಾಂಟರ್ ಲೆವೆಲ್ 100 ಆದರೂ ಹಾಂಟರೇ. ಗೆಂಗಾರ್ ಆಗುವುದೇ ಇಲ್ಲ.

ಸಿಟ್ಟು ಬರುವುದು ಯಾಕೆಂದರೆ, ಪರಿಹಾರ ಅವರ ಕೈಯಲ್ಲೇ ಇದೆ. 2022ರ ಜನವರಿಯಲ್ಲಿ ಬಂದ ಲೆಜೆಂಡ್ಸ್ ಆರ್ಸಿಯಸ್‌ನಲ್ಲಿ ಲಿಂಕಿಂಗ್ ಕಾರ್ಡ್ (cord, ಅಂದರೆ ಕೇಬಲ್) ಅನ್ನುವ ವಸ್ತು ಇಟ್ಟರು. ಅದನ್ನು ಬಳಸಿದರೆ ಒಬ್ಬರೇ ಆಡುತ್ತಿದ್ದರೂ ಹಾಂಟರ್ ಗೆಂಗಾರ್ ಆಗುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಸ್ಕಾರ್ಲೆಟ್, ವಯಲೆಟ್ ಬಂದವು. ಆ ವಸ್ತು ಮಾಯ! ಮತ್ತೆ ಟ್ರೇಡ್ ಮಾಡಿ ಅಂತ. ಬೇರೆ ಬೇರೆ ವರ್ಶನ್‌ನಲ್ಲಿ ಬೇರೆ ಬೇರೆ ಪೋಕೆಮಾನ್ ಇಡಿ, ನನ್ನ ತಕರಾರಿಲ್ಲ. ಅದು ಮಾತು ಬೆಳೆಸುತ್ತದೆ. ಆದರೆ ನಾನೇ ಹಿಡಿದು ನಾನೇ ಬೆಳೆಸಿದ್ದನ್ನು ಅರ್ಧಕ್ಕೆ ನಿಲ್ಲಿಸಬೇಡಿ.

[ಎಡಿಟರ್ ಸ್ಕ್ರೀನ್ ಮೂಲೆಯಲ್ಲಿ ಗಡಿಯಾರ ಹಾಕಿದ್ದಾನೆ.]

ಸರಿ ಸರಿ, ನೋಡಿದೆ. ಉಳಿದದ್ದೆಲ್ಲ ಒಟ್ಟಿಗೆ ಮುಗಿಸುತ್ತೇನೆ.

ರಿಪೆಲ್. ಹಾಕಿಕೊಂಡರೆ ನೂರು ಹೆಜ್ಜೆ ಚಿಕ್ಕಪುಟ್ಟ ಪೋಕೆಮಾನ್ ಹತ್ತಿರ ಬರುವುದಿಲ್ಲ. ಮುಗಿದ ಮೇಲೆ ಬ್ಯಾಗ್ ತೆಗೆ, ಹುಡುಕು, ಮತ್ತೆ ಹಾಕು. "ಇನ್ನೊಂದು ಹಾಕಲಾ?" ಅಂತ ಆಟವೇ ಕೇಳಲು ಶುರು ಮಾಡಿದ್ದು 2012ರ ಬ್ಲ್ಯಾಕ್ 2, ವೈಟ್ 2ರಲ್ಲಿ. ಡೈಮಂಡ್, ಪರ್ಲ್‌ನಲ್ಲಿ ಜೀವದ ಪಟ್ಟಿ ಇಳಿಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. 2008ರ ಪ್ಲಾಟಿನಂನಲ್ಲಿ ವೇಗ ಮಾಡಿದರು. ರೂಬಿ, ಸಫೈರ್‌ನಲ್ಲಿ ಸುಮಾರು ಒಂದು ವರ್ಷ ಆದ ಮೇಲೆ ಗಡಿಯಾರದ ಲೆಕ್ಕ ಕೆಟ್ಟು ಬೆರ್ರಿ ಗಿಡಗಳು ಬೆಳೆಯುವುದೇ ನಿಂತುಹೋಗುತ್ತಿತ್ತು. ಗೋಲ್ಡ್‌ನಲ್ಲಿ ಶುರುವಿಗೆ ಸಿಗುವ ಮೂರು ಪೋಕೆಮಾನ್‌ಗಳಲ್ಲಿ ಹೆಣ್ಣು ಶೈನಿ (ಬೇರೆ ಬಣ್ಣದ ಅಪರೂಪದ್ದು) ಸಿಗಲು ಸಾಧ್ಯವೇ ಇಲ್ಲ. ಹೆಣ್ಣೋ ಗಂಡೋ, ಶೈನಿಯೋ ಅಲ್ವೋ ಎರಡನ್ನೂ ಒಂದೇ ಅಟ್ಯಾಕ್ ಸಂಖ್ಯೆಯಿಂದ ಲೆಕ್ಕ ಹಾಕಿದ್ದರು. ಹೆಣ್ಣಾಗಲು ಅದು 0 ಅಥವಾ 1 ಇರಬೇಕು, ಶೈನಿ ಆಗಲು ಕನಿಷ್ಠ 2. ಬೈಟ್ ಉಳಿಸಲು ಹೋಗಿ ಹೀಗಾಯಿತು, ಇದಕ್ಕೂ ಮಾಫಿ.

ಪೋಕೆಮಾನ್ ಬಿಟ್ಟು ಒಂದೇ ಒಂದು. ಪರ್ಸೋನಾ 3 ಮತ್ತು 4 ಅನ್ನುವ ಆಟಗಳಲ್ಲಿ ಎರಡು ಪರ್ಸೋನಾ (ಕಾದಾಟಕ್ಕೆ ಕರೆಯುವ ಶಕ್ತಿರೂಪಗಳು) ಸೇರಿಸಿ ಹೊಸದು ಮಾಡುವಾಗ ಯಾವ ವಿದ್ಯೆ ದಾಟಿ ಬರುತ್ತದೆ ಅನ್ನುವುದು ಅದೃಷ್ಟ. ಇಷ್ಟ ಆಗಲಿಲ್ವಾ, ಕ್ಯಾನ್ಸಲ್ ಒತ್ತಿ ಮತ್ತೆ ಒಳಗೆ ಹೋಗಿ. ಬೇರೆ ಪಟ್ಟಿ ಬರುತ್ತದೆ. ಬೇಕಾದದ್ದು ಬರುವವರೆಗೆ ಇದೇ ಕೆಲಸ. ಖರ್ಚಿಲ್ಲ, ಅಪಾಯ ಇಲ್ಲ, ಹೆಬ್ಬೆರಳು ನೋವು ಮಾತ್ರ. 2012ರ ಪರ್ಸೋನಾ 4 ಗೋಲ್ಡನ್‌ನಲ್ಲಿ ನೀವೇ ಆರಿಸಿಕೊಳ್ಳಿ ಅಂತ ಬಿಟ್ಟರು. ಆಟ ಒಂದು ಚೂರೂ ಕೆಡಲಿಲ್ಲ.

ಕಾದಾಡದ ಪೋಕೆಮಾನ್‌ಗಳಿಗೂ ಅನುಭವ ಹಂಚುವ ಎಕ್ಸ್‌ಪಿ ಶೇರ್ ಅನ್ನು 2019ರಿಂದ ಆಫ್ ಮಾಡಲು ಬಿಡದಿರುವ ಬಗ್ಗೆ ಹೇಳಲೇ ಇಲ್ಲ. ಅದು ನನಗೆ ನಿಜವಾಗಿ ಇಷ್ಟ, ನಮ್ಮ ಎಡಿಟರ್‌ಗೆ ಆಗುವುದೇ ಇಲ್ಲ. ಜಗಳ ಕ್ಯಾಮೆರಾ ಎದುರೇ ಆಗಲಿ, ಮುಂದಿನ ವಾರ. ನೀವು ಯಾರ ಕಡೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ.