ಒಂದೇ ನೊಗ, ಎರಡು ಕೀಲು

ಕೇಳುಗರಿಗೆ ನಮಸ್ಕಾರ. ಮಾತು ಶುರುಮಾಡುವ ಮೊದಲು ನಿಮ್ಮ ಕೈಗೆ ಒಂದು ಕೆಲಸ ಕೊಡುತ್ತೇನೆ. ಎರಡೂ ತೋರುಬೆರಳುಗಳನ್ನು ಕಿವಿಗಳ ಮುಂದೆ ಇಡಿ. ಕಿವಿಯ ತೂತಿಗೆ ಕಾವಲು ನಿಂತ ಹಾಗೆ ಒಂದು ಮೆತ್ತನೆಯ ಮೊಟ್ಟು ಇದೆಯಲ್ಲ, ಅದಕ್ಕಿಂತ ಸ್ವಲ್ಪ ಮುಂದೆ, ಕೆನ್ನೆಯ ಕಡೆಗೆ. ಈಗ ನಿಧಾನವಾಗಿ ಬಾಯಿ ತೆರೆಯಿರಿ. ಬೆರಳ ಕೆಳಗೆ ಗಟ್ಟಿಯಾದದ್ದೇನೋ ಮುಂದಕ್ಕೆ ಸರಿದುಹೋಯಿತು, ಅಲ್ವಾ? ಅದು ಬಿಟ್ಟುಹೋದ ಜಾಗದಲ್ಲಿ ಒಂದು ಸಣ್ಣ ಕುಳಿ ಬಿದ್ದಿದೆ. ಬಾಯಿ ಮುಚ್ಚಿ. ಕುಳಿ ತುಂಬಿತು.

ಗಾಡಿ ಓಡಿಸುತ್ತಾ ಕೇಳುತ್ತಿರುವವರು ದಯವಿಟ್ಟು ಇದನ್ನು ಮನೆ ಮುಟ್ಟಿದ ಮೇಲೆ ಮಾಡಿ.

ನಾನು ದಂತವೈದ್ಯ. ನನ್ನ ಕುರ್ಚಿಯಲ್ಲಿ ಬಂದು ಕೂರುವವರಿಗೆಲ್ಲ ಹಲ್ಲಿನದೇ ಚಿಂತೆ. ಗಾದೆಯೂ ಹಾಗೇ ಇದೆ ನೋಡಿ: ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಕಡಲೆಯೂ ಇದೆ, ಹಲ್ಲೂ ಇದೆ, ಆದರೆ ದವಡೆಯ ಕೀಲು ಕೈಕೊಟ್ಟಿದೆ ಅಂದರೆ ಏನು ಗತಿ? ಗಾದೆ ಕಟ್ಟಿದವರು ಅದನ್ನು ಯೋಚಿಸಿದ ಹಾಗಿಲ್ಲ.

ದವಡೆ ಅಂದರೆ ಬಾಗಿಲಿನ ಹಾಗೆ ತೆರೆದು ಮುಚ್ಚುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಆದರೆ ಬಾಗಿಲ ಕೀಲು ಚೌಕಟ್ಟು ಬಿಟ್ಟು ಕದಲುವುದಿಲ್ಲ. ಇದ್ದಲ್ಲೇ ತಿರುಗುತ್ತದೆ. ದವಡೆಯದು ಹಾಗಲ್ಲ. ತಲೆಬುರುಡೆಯ ಅಡಿಯಲ್ಲಿ, ಕಿವಿಗೆ ಒತ್ತಿಕೊಂಡೇ ಒಂದು ಗುಂಡಿ ಇದೆ. ಗುಂಡಿಯ ಮುಂದೆ ಒಂದು ದಿಬ್ಬ. ಕೆಳದವಡೆಯ ತುದಿಯ ಗುಬಟು ಬಾಯಿ ಮುಚ್ಚಿದ್ದಾಗ ಗುಂಡಿಯಲ್ಲಿ ಕೂತಿರುತ್ತದೆ. ಬಾಯಿ ತೆರೆದಾಗ ಅದು ತಿರುಗುತ್ತದೆ, ಜೊತೆಗೆ ಗುಂಡಿಯಿಂದ ಜಾರಿ ದಿಬ್ಬದ ಮೇಲೆ ಬರುತ್ತದೆ. ದೊಡ್ಡದಾಗಿ ಆಕಳಿಸಿದರೆ ಒಂದು ಸೆಂಟಿಮೀಟರಿಗೂ ಜಾಸ್ತಿ ದೂರ ಹೋಗಿಬರುತ್ತದೆ. ನಿಮ್ಮ ಬೆರಳಿಗೆ ಈಗ ಸಿಕ್ಕಿದ್ದು ಅದೇ. ಮೊಣಕಾಲೋ ಮೊಣಕೈಯೋ ದಿನಕ್ಕೆ ಸಾವಿರ ಸಲ ಹೀಗೆ ಜಾಗ ಬಿಟ್ಟು ಹೊರಟರೆ ನಾವು ನೇರ ಆಸ್ಪತ್ರೆಗೆ ಓಡುತ್ತಿದ್ದೆವು.

ಗುಬಟಿಗೂ ಗುಂಡಿಗೂ ನಡುವೆ ಒಂದು ಪುಟ್ಟ ತಟ್ಟೆ ಇದೆ. ನಾವು ಡಿಸ್ಕ್ ಅನ್ನುತ್ತೇವೆ. ನಾರುನಾರಾದ ಗಟ್ಟಿ ಅಂಗಾಂಶ. ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪ. ನಡುಭಾಗದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಒತ್ತಡ ಬೀಳುವುದೇ ಅಲ್ಲಿ. ಅಲ್ಲಿ ನರ ಇದ್ದಿದ್ದರೆ ಒಂದು ಚಕ್ಕುಲಿ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಈ ತಟ್ಟೆ ಒಂದು ಕೀಲನ್ನು ಎರಡು ಕೋಣೆ ಮಾಡಿದೆ. ಕೆಳಗಿನ ಕೋಣೆಯಲ್ಲಿ ತಿರುಗುವ ಕೆಲಸ, ಮೇಲಿನ ಕೋಣೆಯಲ್ಲಿ ಜಾರುವ ಕೆಲಸ. ಮೊದಲು ತಿರುಗುತ್ತದೆ, ಆಮೇಲೆ ಜಾರುತ್ತದೆ ಅಂತ ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಊಟಕ್ಕೆ ಕೂತವರ ಬಾಯಲ್ಲಿ ಅಷ್ಟು ಶಿಸ್ತೇನೂ ಇರುವುದಿಲ್ಲ. ಎರಡೂ ಬೆರೆತೇ ನಡೆಯುತ್ತವೆ.

ಇಷ್ಟು ಹೊತ್ತು ಹೇಳಿದ್ದು ಬಾಯಿ ತೆರೆಯುವ ವಿಷಯ. ಅಗಿಯುವುದು ಬೇರೆಯೇ ಕತೆ.

ಕೆಳದವಡೆ ಒಂದೇ ಎಲುಬು. ಕೀಲು ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು. ಎರಡೆತ್ತಿನ ಗಾಡಿ ನೆನಪು ಮಾಡಿಕೊಳ್ಳಿ. ನೊಗ ಒಂದೇ. ಗಾಡಿ ಬಲಕ್ಕೆ ತಿರುಗಬೇಕು ಅಂದರೆ ಏನಾಗುತ್ತದೆ? ಬಲಗಡೆಯ ಎತ್ತು ಹೆಚ್ಚುಕಮ್ಮಿ ನಿಂತಲ್ಲೇ ಮೈ ತಿರುಗಿಸುತ್ತದೆ. ಎಡಗಡೆಯದು ಸುತ್ತು ಹಾಕಿ ನಡೆಯಬೇಕು. ನೀವು ಬಲಗಡೆ ಹಲ್ಲಲ್ಲಿ ಕೋಡುಬಳೆ ಅಗಿಯುವಾಗ ಆಗುವುದೂ ಇದೇ. ಗದ್ದ ಬಲಕ್ಕೆ ವಾಲಬೇಕಾದರೆ ಎಡಗಡೆಯ ಗುಬಟು ಮುಂದಕ್ಕೆ, ಕೆಳಕ್ಕೆ, ಒಂದಿಷ್ಟು ಒಳಕ್ಕೆ ಬರಬೇಕು. ಅದನ್ನು ಮುಂದಕ್ಕೆ ಎಳೆಯಲು ಕೀಲಿನ ಒಳಮಗ್ಗುಲಲ್ಲಿ ಬೇರೆಯೇ ಸ್ನಾಯು ಇದೆ. ಬಲಗಡೆಯ ಗುಬಟು ಇದ್ದಲ್ಲೇ ತಿರುಗುತ್ತಾ ಸುಮಾರು ಒಂದು ಮಿಲಿಮೀಟರಿನಷ್ಟು ಹೊರಕ್ಕೆ ಸರಿಯುತ್ತದೆ. ಈ ಚೂರು ಸರಿದಾಟವನ್ನು 1908ರಲ್ಲಿ ನಾರ್ಮನ್ ಬೆನೆಟ್ ಎಂಬ ಇಂಗ್ಲೆಂಡಿನ ದಂತವೈದ್ಯರು ವಿವರಿಸಿದರು. ಇವತ್ತಿಗೂ ಅದರ ಹೆಸರು ಬೆನೆಟ್ ಚಲನೆ.

ಎದುರು ಕೂತು ಊಟ ಮಾಡುತ್ತಿರುವವರ ಗದ್ದವನ್ನು ಸುಮ್ನೆ ಗಮನಿಸಿ. ತುಂಬಾ ಹೊತ್ತು ಬೇಡ, ಅಪಾರ್ಥವಾಗುತ್ತದೆ. ಗದ್ದ ಮೇಲೆ ಕೆಳಗೆ ನೆಟ್ಟಗೆ ಹೋಗಿಬರುವುದಿಲ್ಲ. ಕೆಳಗಿಳಿಯುತ್ತದೆ, ತುತ್ತು ಇರುವ ಕಡೆಗೆ ಹೊರಳುತ್ತದೆ, ಓರೆಯಾಗಿ ಮೇಲೇರಿ ಹಲ್ಲಿಗೆ ಹಲ್ಲು ಸೇರುತ್ತದೆ. ಆ ದಾರಿಯನ್ನು ಗೆರೆ ಎಳೆದರೆ ಒಂದು ನೀರ ಹನಿಯ ಆಕಾರ. ಸೆಕೆಂಡಿಗೆ ಒಂದು ಹನಿ, ಕೆಲವೊಮ್ಮೆ ಅದಕ್ಕಿಂತ ಬೇಗ. ಈ ತಾಳ ಹಾಕುವುದು ಮಿದುಳಿನ ಕಾಂಡ. ಅದಕ್ಕೇ ನಾವು ಅಗಿಯುತ್ತಲೇ ಪೇಪರ್ ಓದಬಹುದು, ಜಗಳವನ್ನೂ ಆಡಬಹುದು. ರಾಗಿಮುದ್ದೆ ಉಣ್ಣುವವರ ದವಡೆಗೆ ಮಾತ್ರ ಅಷ್ಟು ಹೊತ್ತು ರಜೆ.

ಈಗ ಒಂದು ಒಗಟು. ಬಲಗಡೆ ಅಗಿಯುವಾಗ ಯಾವ ಕೀಲಿಗೆ ಭಾರ ಜಾಸ್ತಿ? ಎಲ್ಲರೂ ಬಲಗಡೆಯದು ಅನ್ನುತ್ತಾರೆ. ಸಾಮಾನ್ಯವಾಗಿ ಎಡಗಡೆಯದಕ್ಕೇ ಜಾಸ್ತಿ. ಯಾಕೆಂದರೆ ಕೆನ್ನೆಯ ಸ್ನಾಯು, ಕಣತಲೆಯ ಸ್ನಾಯು ಎರಡೂ ಬದಿಯಲ್ಲಿ ದವಡೆಯನ್ನು ಮೇಲಕ್ಕೆ ಎಳೆಯುತ್ತಿರುತ್ತವೆ. ಬಲಗಡೆ ಹಲ್ಲುಗಳ ನಡುವೆ ತುತ್ತು ಇದೆ, ಆ ಬಲದ ದೊಡ್ಡ ಪಾಲು ತುತ್ತಿಗೇ ಖರ್ಚಾಗುತ್ತದೆ. ಎಡಗಡೆ ಹಲ್ಲುಗಳ ನಡುವೆ ಏನೂ ಇಲ್ಲ. ಹಾಗಾಗಿ ಒತ್ತಡ ಹೋಗಿ ಕೀಲಿನ ಮೇಲೆ ಕೂರುತ್ತದೆ. ಎಡಗೀಲು ನೋಯುತ್ತದೆ ಅಂತ ಬಲಗಡೆಯೇ ಅಗಿದವರಿಗೆ ನೋವು ಇನ್ನೂ ಜಾಸ್ತಿಯಾಗುವುದುಂಟು. ಆಮೇಲೆ ಅವರು ಡಾಕ್ಟರನ್ನು ಬೈಯುತ್ತಾರೆ.

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರಿಗೆ ಒಂದು ಬಣ್ಣದ ಕಾಗದ ನೆನಪಿರಬಹುದು. ಕಚ್ಚಿ ಅನ್ನುತ್ತೇವೆ, ಆಮೇಲೆ ಅತ್ತ ಇತ್ತ ಅರೆಯಿರಿ ಅನ್ನುತ್ತೇವೆ. ಇಷ್ಟೆಲ್ಲ ಯಾಕೆ ಅಂತ ಮುಖ ಸಿಂಡರಿಸುವವರಿದ್ದಾರೆ. ನೆಟ್ಟಗೆ ಕಚ್ಚಿದಾಗ ಸರಿಯಾಗಿ ಕೂತ ಕ್ಯಾಪ್, ದವಡೆ ಪಕ್ಕಕ್ಕೆ ಹೊರಳಿದಾಗ ತಡೆಯಾಗಬಹುದು. ಊಟ ಮಾಡುವುದು ಹೊರಳಿಸಿಯೇ ತಾನೆ?

ಪ್ರಾಣಿಗಳಲ್ಲಿ ಈ ಕೀಲಿನ ಆಕಾರ ನೋಡಿದರೆ ಅವು ಏನು ತಿನ್ನುತ್ತವೆ ಅಂತ ಹೇಳಬಹುದು. ಚಿರತೆಯ ಕೀಲು ನಿಜಕ್ಕೂ ಬಾಗಿಲಿನಂಥದ್ದೇ. ಉರುಳೆಯಂಥ ತುದಿ ಆಳದ ಗುಂಡಿಯಲ್ಲಿ ಭದ್ರವಾಗಿ ಕೂತಿರುತ್ತದೆ. ಬೇಟೆ ಎಷ್ಟು ಒದ್ದಾಡಿದರೂ ದವಡೆ ತಪ್ಪುವುದಿಲ್ಲ, ಆದರೆ ಅರೆಯಲು ಬರುವುದಿಲ್ಲ. ಹಸುವಿನದು ಚಪ್ಪಟೆ. ಹಾಗಾಗಿ ಅದು ಮೆಲುಕು ಹಾಕುವಾಗ ದವಡೆ ಆರಾಮಾಗಿ ಪಕ್ಕಕ್ಕೆ ತೂಗುತ್ತದೆ. ಇಲಿಯದು ಕಡಿಯುವಾಗ ಮುಂದಕ್ಕೆ, ಅರೆಯುವಾಗ ಹಿಂದಕ್ಕೆ ಜಾರುತ್ತದೆ. ನಾವು ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಇಟ್ಟುಕೊಂಡಿದ್ದೇವೆ. ಕಬ್ಬು ಸಿಗಿಯುವಾಗ ಚಿರತೆ, ಎಲೆ ಅಡಿಕೆ ಮೆಲ್ಲುವಾಗ ಹಸು.

ಅಡಿಕೆ ಅಂದ ಮೇಲೆ ಒಂದು ಮಾತು. ನೆಟ್ಟಗೆ ಬಾಯಿ ತೆರೆದರೆ ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು. ಸುಮಾರು 40 ಮಿಲಿಮೀಟರ್. ಅಡಿಕೆ, ಗುಟ್ಕಾ ಚಟ ಇರುವವರಿಗೆ ಎರಡು ಬೆರಳೂ ಹೋಗದಿದ್ದರೆ ಅದು ಕೀಲಿನ ತೊಂದರೆ ಆಗಿರದೆ ಬಾಯೊಳಗಿನ ಪದರವೇ ನಾರುಗಟ್ಟಿ ಬಿಗಿದಿರಬಹುದು. ಮುಂದೆ ಕ್ಯಾನ್ಸರಿಗೂ ದಾರಿಯಾಗಬಲ್ಲ ಕಾಯಿಲೆ ಅದು. ಬೇಗ ತೋರಿಸಿ.

ಇನ್ನು ಕಟಕ್ ಶಬ್ದ. ಡಿಸ್ಕ್ ತನ್ನ ಜಾಗದಿಂದ ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆಯುವಾಗ ಗುಬಟು ಅದರ ದಪ್ಪ ಅಂಚನ್ನು ಹತ್ತಿ ದಾಟಬೇಕು. ದಾಟಿದ ಸದ್ದೇ ಕಟಕ್. ಕಿವಿಯ ಪಕ್ಕವೇ ಇರುವುದರಿಂದ ನಮಗೆ ಸಿಡಿಲಿನ ಹಾಗೆ ಕೇಳುತ್ತದೆ. ನೋವಿಲ್ಲದ ಕಟಕ್‌ಗೆ ಹೆದರಬೇಕಿಲ್ಲ. ನೋವಿದ್ದರೆ, ಬಾಯಿ ಅರ್ಧಕ್ಕೇ ಸಿಕ್ಕಿಕೊಂಡರೆ ಬನ್ನಿ.

ಕೆಲವರಿಗೆ ಆಕಳಿಸುವಾಗ ಗುಬಟು ದಿಬ್ಬ ದಾಟಿ ಆಚೆ ಇಳಿದುಬಿಡುತ್ತದೆ. ಮುಚ್ಚುವ ಸ್ನಾಯುಗಳು ಎಳೆದಷ್ಟೂ ಅದು ಅಲ್ಲೇ ಬಿಗಿಯುತ್ತದೆ. ಬಾಯಿ ತೆರೆದದ್ದು ತೆರೆದಂತೇ. ಇದನ್ನು ಕೂರಿಸುವ ವಿಧಾನ ಈಜಿಪ್ಟಿನ ಮೂರೂವರೆ ಸಾವಿರ ವರ್ಷ ಹಳೆಯ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲೇ ಇದೆ. ಹೆಬ್ಬೆರಳು ಬಾಯೊಳಗೆ, ಉಳಿದ ಬೆರಳು ಗದ್ದದ ಕೆಳಗೆ, ದವಡೆಯನ್ನು ಹಿಂದಕ್ಕೆ ತಳ್ಳುವುದು. ನಾವು ಇವತ್ತು ಮಾಡುವುದೂ ಬಹುಪಾಲು ಅದನ್ನೇ, ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತೇವೆ. ಹೆಬ್ಬೆರಳಿಗೆ ಮಾತ್ರ ದಪ್ಪಗೆ ಬಟ್ಟೆ ಸುತ್ತಿಕೊಳ್ಳುತ್ತೇವೆ. ಕೀಲು ಗುಂಡಿಗೆ ಬಿದ್ದ ಆ ಕ್ಷಣವೇ ಬಾಯಿ ಟಪ್ಪನೆ ಮುಚ್ಚುತ್ತದೆ. ಒಳಗಿರುವುದು ಡಾಕ್ಟರ ಬೆರಳೋ ಕೋಡುಬಳೆಯೋ ಅಂತ ಅದು ನೋಡುವುದಿಲ್ಲ.

ನಮಸ್ಕಾರ.