ಆಫ್ ಸೀಸನ್‌ನಲ್ಲಿ ರೇಟು ಇಳಿಸೋ ಮೊದಲು ಈ ಲೆಕ್ಕ ಹಾಕಿ

ಆ್ಯಪ್ ಮೂಲಕ ಮನೆಯನ್ನ ದಿನದ ಬಾಡಿಗೆಗೆ ಕೊಡೋರಿಗೆ ಬುಕಿಂಗ್ ಕಡಿಮೆಯಾದ ತಕ್ಷಣ ರೇಟು ಇಳಿಸೋಕೆ ಕೈ ಹೋಗುತ್ತೆ. ಸ್ವಲ್ಪ ತಡೀರಿ. ಪ್ರತಿ ಮನೆಗೂ ಒಂದು ತಳದ ರೇಟು ಅಂತ ಇರುತ್ತೆ. ಅದಕ್ಕಿಂತ ಕೆಳಗೆ ಕೊಡೋದಕ್ಕಿಂತ ಬೀಗ ಹಾಕಿಡೋದೇ ವಾಸಿ. ಮೊದಲು ಅದನ್ನ ಕಂಡುಹಿಡಿಯೋಣ.

ಸಾಲದ ಕಂತು, ತೆರಿಗೆ, ಇಂಟರ್ನೆಟ್ ಬಿಲ್ಲು ಗೆಸ್ಟ್ ಬರಲಿ ಬಿಡಲಿ ಕಟ್ಟಲೇಬೇಕು. ಅವನ್ನ ಈ ಲೆಕ್ಕದಿಂದ ಹೊರಗಿಡಿ. ಗೆಸ್ಟ್ ಬಂದಿದ್ದಕ್ಕೇ ಆಗೋ ಖರ್ಚು ಮಾತ್ರ ಬರ್ಕೊಳ್ಳಿ. ಅದರಲ್ಲಿ ಕರೆಂಟು, ನೀರು, ಗ್ಯಾಸು ದಿನದ ಲೆಕ್ಕದಲ್ಲಿ ಏರುತ್ತೆ. ಕ್ಲೀನಿಂಗು, ಲಾಂಡ್ರಿ ಹಾಗಲ್ಲ. ಒಂದು ರಾತ್ರಿ ಇದ್ರೂ ಮೂರು ರಾತ್ರಿ ಇದ್ರೂ ಖರ್ಚು ಒಂದೇ ಸಲ.

ದಿನದ ರೇಟು 100 ಅಂತಿಟ್ಕೊಳ್ಳಿ. ಆ್ಯಪ್‌ನ ಕಮಿಷನ್ ನೂರಕ್ಕೆ 15, ಕ್ಲೀನಿಂಗ್ ಮತ್ತು ಲಾಂಡ್ರಿ 40, ಕರೆಂಟು ನೀರು ದಿನಕ್ಕೆ 15. ಒಂದು ರಾತ್ರಿಗೆ ಕೈಯಲ್ಲಿ ಉಳಿಯೋದು 30. ಈಗ 40 ಮತ್ತು 15 ಕೂಡಿಸಿ, ಬಂದ 55ನ್ನ 0.85ರಿಂದ ಭಾಗಿಸಿ (ಕಮಿಷನ್ ಹೋಗಿ ಕೈಗೆ ಬರೋದು ನೂರಕ್ಕೆ 85 ಅಲ್ವಾ). ಸುಮಾರು 65 ಬರುತ್ತೆ. ಒಂದು ರಾತ್ರಿಯ ಬುಕಿಂಗ್‌ಗೆ ಇದೇ ನಿಮ್ಮ ತಳ.

ಅದೇ ಮೂರು ರಾತ್ರಿಗೆ 20 ಪರ್ಸೆಂಟ್ ಬಿಟ್ಟುಕೊಡಿ. ಬರೋದು 240. ಕಮಿಷನ್ 36, ಕ್ಲೀನಿಂಗ್ 40, ಕರೆಂಟು ನೀರು 45 ಕಳೆದ್ರೆ 119 ಉಳಿಯುತ್ತೆ. ಬೇರೆಬೇರೆ ಮೂರು ಗೆಸ್ಟ್ ಪೂರ್ತಿ ರೇಟು ಕೊಟ್ಟು ಬಂದ್ರೂ ಉಳಿಯೋದು 90 ಅಷ್ಟೇ, ಜೊತೆಗೆ ಮೂರು ಸಲ ಹಾಸಿಗೆ ಬಟ್ಟೆ ಬದಲಿಸಬೇಕು. ಹಾಗಾಗಿ ಮೂಲ ರೇಟು ಮುಟ್ಟಬೇಡಿ, ಹೆಚ್ಚು ದಿನ ಇರೋರಿಗೆ ರಿಯಾಯಿತಿ ಕೊಡಿ.

ಎಡವಟ್ಟಾಗೋದು ರಿಯಾಯಿತಿ ಒಂದರ ಮೇಲೊಂದು ಕೂತಾಗ. ಕೆಲವು ಆ್ಯಪ್‌ಗಳಲ್ಲಿ ಹೀಗಾಗುತ್ತೆ. ಕೊನೇ ಗಳಿಗೆಯ ಬುಕಿಂಗ್‌ಗೆ 20 ಪರ್ಸೆಂಟ್, ಮೊಬೈಲ್ ಬುಕಿಂಗ್‌ಗೆ ಉಳಿದದ್ದರ ಮೇಲೆ ಇನ್ನೊಂದು 20 ಪರ್ಸೆಂಟ್ ಅಂದ್ರೆ 100 ಇದ್ದದ್ದು 64ಕ್ಕೆ ಬಂತು. ತಳಕ್ಕಿಂತ ಕೆಳಗೆ! ಎರಡರಲ್ಲಿ ಒಂದನ್ನ ತೆಗೀರಿ. ಇನ್ನೊಂದು, ಕನಿಷ್ಠ ಮೂರು ರಾತ್ರಿ ಅಂತ ಇಟ್ರೆ ಎರಡು ಬುಕಿಂಗ್ ಮಧ್ಯೆ ಸಿಕ್ಕಿಕೊಂಡ ಎರಡು ರಾತ್ರಿ ಯಾರಿಗೂ ಕಾಣಿಸಲ್ಲ. ವಾರಕ್ಕೊಮ್ಮೆ ಕ್ಯಾಲೆಂಡರ್ ನೋಡಿ, ಅಂಥ ಜಾಗಕ್ಕೆ ಮಾತ್ರ ಕನಿಷ್ಠವನ್ನ ಎರಡಕ್ಕೆ ಇಳಿಸಿ.

ತಿಂಗಳುಗಟ್ಟಲೆ ಇರೋರು ಬಂದ್ರೆ ಒಳ್ಳೇದೇ. ಆದ್ರೆ ಕರೆಂಟು ಇಷ್ಟು ಯೂನಿಟ್‌ವರೆಗೆ ಮಾತ್ರ ಸೇರಿದೆ ಅನ್ನೋದನ್ನ ಬುಕಿಂಗ್‌ಗೆ ಮೊದಲೇ ಬರಹದಲ್ಲಿ ಹಾಕಿ, ಬಂದ ದಿನವೇ ಮೀಟರ್ ಫೋಟೋ ತೆಗೀರಿ. ದಿನ ಹೆಚ್ಚಾದಂತೆ ಬಾಡಿಗೆದಾರರ ಕಾನೂನು ಅನ್ವಯವಾಗೋ ಊರುಗಳೂ ಇವೆ, ಆ ಮಿತಿ ತಿಳ್ಕೊಂಡೇ ಒಪ್ಪಿಕೊಳ್ಳಿ.

ಖರ್ಚು ಉಳಿಸೋ ವಿಷಯಕ್ಕೆ ಬಂದ್ರೆ, ಟವೆಲ್‌ಗೆ ಹಾಕೋ ಸಾಫ್ಟ್‌ನರ್ ನಿಲ್ಲಿಸಿ. ಅದು ಎಳೆಗಳ ಮೇಲೆ ಪದರ ಕಟ್ಟಿ ನೀರು ಹೀರದ ಹಾಗೆ ಮಾಡುತ್ತೆ. ಸ್ಟೋರೇಜ್ ಗೀಸರನ್ನ ಮಾತ್ರ 40 ಡಿಗ್ರಿಗೆ ಇಳಿಸಬೇಡಿ, ಶ್ವಾಸಕೋಶಕ್ಕೆ ಸೋಂಕು ತರೋ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಚ್ಚಗಿನ ನೀರಲ್ಲೇ ಬೆಳೆಯೋದು. ಮನೆ ಖಾಲಿ ಇದ್ದಾಗ ಪೂರ್ತಿ ಆಫ್ ಮಾಡಿ. ಗೆಸ್ಟ್ ಬರೋ ಮೊದಲು 60ಕ್ಕೆ ಕಾಯಿಸಿ, ಎಲ್ಲಾ ನಲ್ಲಿ, ಶವರ್ ಕೆಲವು ನಿಮಿಷ ಹರಿಯೋಕೆ ಬಿಡಿ. ಬಚ್ಚಲಿನ ಜಾಲರಿಗೂ ಒಂದು ಚೊಂಬು ನೀರು ಹಾಕಿ. ಒಳಗಿನ ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯೋ ಭಾಗ) ಒಣಗಿದ್ರೆ ಚರಂಡಿ ವಾಸನೆ ನೇರವಾಗಿ ರೂಮಿಗೇ ಬರುತ್ತೆ.